ಬೋರ್ಡ್‌ಗೆ ಹೋಗುವ ಮುನ್ನ: ಪರ್ಸೆಂಟೇಜ್ ಹಾಕುವ ಡಾಕ್ಟರ್ ಯಾರು, ಅವರು ಏನು ನೋಡುತ್ತಾರೆ

ನಮ್ಮ ಅಕ್ಕನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. ಅಂಗವಿಕಲತೆ ಸರ್ಟಿಫಿಕೇಟ್‌ಗೆ ಅವಳನ್ನು ಮೊದಲ ಸಲ ಬೋರ್ಡ್‌ಗೆ, ಅಂದರೆ ಆ ಸರ್ಟಿಫಿಕೇಟ್ ಕೊಡುವ ವೈದ್ಯರ ಮಂಡಳಿಗೆ, ಕರೆದುಕೊಂಡು ಹೋದ ದಿನ ಅವಳು ಅಚ್ಚುಕಟ್ಟಾಗಿ ಜಡೆ ಹಾಕಿಕೊಂಡಿದ್ದಳು. ಹಾಕಿದ್ದು ಅಮ್ಮ. ಹೊಸ ಸೀರೆ ಉಡಿಸಿದ್ದೂ ಅಮ್ಮನೇ. ಡಾಕ್ಟರ್ ಮೂರು ಪ್ರಶ್ನೆ ಕೇಳಿದರು. ಹೆಸರೇನು, ಯಾವ ಊರು, ಊಟ ಆಯ್ತಾ. ಮೂರಕ್ಕೂ ಅಕ್ಕ ಸರಿಯಾಗಿ ಉತ್ತರ ಕೊಟ್ಟಳು. "ಚೆನ್ನಾಗೇ ಇದ್ದಾರಲ್ಲ" ಎಂದು ಅವರು 30 ಪರ್ಸೆಂಟ್ ಬರೆದರು. ಐದು ನಿಮಿಷವೂ ಆಗಿರಲಿಲ್ಲ.

30 ಅಂದರೆ ಮಾಸಾಶನ ಇಲ್ಲ, ಬಸ್ ಪಾಸ್ ಇಲ್ಲ. ಮನೆಗೆ ಬಂದು ಕಾಗದ ತಿರುಗಿಸಿ ನೋಡಿದಾಗ ಗೊತ್ತಾಯಿತು, ಸಹಿ ಹಾಕಿದವರು ಮನೋವೈದ್ಯರೇ ಅಲ್ಲ. ಆ ಡಾಕ್ಟರ್ ಕೆಟ್ಟವರಲ್ಲ. ಹೊರಗೆ ಅರವತ್ತು ಎಪ್ಪತ್ತು ಜನ ಕಾಯುತ್ತಿದ್ದರು. ಅವರು ಕಲಿತ ವಿದ್ಯೆಗೂ ಅಕ್ಕನ ಕಾಯಿಲೆಗೂ ಸಂಬಂಧ ಇರಲಿಲ್ಲ, ಅಷ್ಟೇ. ನಾವು ಏನು ಕೇಳಬೇಕಿತ್ತು ಎಂಬುದು ನಮಗೂ ಗೊತ್ತಿರಲಿಲ್ಲ.

ಆಮೇಲೆ ಓದಿಕೊಂಡೆ. ಅಕ್ಕನನ್ನು ಮತ್ತೆ ಕರೆದುಕೊಂಡು ಹೋದೆ. ನಂತರ ಊರಿನ ಎಷ್ಟೋ ಜನರ ಜೊತೆ ಬೋರ್ಡ್‌ಗೆ ಹೋಗಿದ್ದೇನೆ. ಅಲ್ಲಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಶುರುವಿನಲ್ಲೇ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಮಗೆ ಚಿಕಿತ್ಸೆ ಕೊಡುವ ಡಾಕ್ಟರ್ ಕೇಳುವುದು "ಏನು ಕಾಯಿಲೆ, ಹೇಗೆ ವಾಸಿ ಮಾಡೋದು" ಅಂತ. ಬೋರ್ಡ್‌ನ ಡಾಕ್ಟರ್ ಕೇಳುವುದು "ಈ ಕಾಯಿಲೆಯಿಂದ ಏನೇನು ಮಾಡಲು ಆಗುತ್ತಿಲ್ಲ, ಅದು ಎಷ್ಟು" ಅಂತ. ಎರಡೂ ಬೇರೆ ಬೇರೆ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಸರ್ಕಾರದ ಗೆಜೆಟ್‌ನಲ್ಲಿರುವ ಕೋಷ್ಟಕದ ಪ್ರಕಾರವೇ ಬರಬೇಕು, ಡಾಕ್ಟರ್ ಅಂದಾಜಿನ ಮೇಲೆ ಅಲ್ಲ.

ಹೆಜ್ಜೆ 1: ನಿಮ್ಮದು ಯಾವ ಗುಂಪು ಎಂದು ಗುರುತಿಸಿ

1995ರ ಹಳೆಯ ಕಾನೂನಿನಲ್ಲಿ ಇದ್ದದ್ದು 7 ಬಗೆಯ ಅಂಗವಿಕಲತೆ ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಕೈಕಾಲು, ಕಣ್ಣು, ಕಿವಿ ಎಲ್ಲರಿಗೂ ಗೊತ್ತು. ಆದರೆ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್, ಆಟಿಸಂ, ಕಲಿಕಾ ನ್ಯೂನತೆ, ಆಸಿಡ್ ದಾಳಿಯ ಗಾಯ, ಕುಬ್ಜತೆ ಇವೂ ಆ ಪಟ್ಟಿಯಲ್ಲಿವೆ. ಇವತ್ತಿಗೂ ಎಷ್ಟೋ ಮನೆಗಳಲ್ಲಿ "ನಮ್ಮ ಹುಡುಗನಿಗೆ ಕೈಕಾಲು ಸರಿ ಇದೆಯಲ್ಲ, ನಮಗೆ ಸಿಗಲ್ಲ" ಎಂದು ಸುಮ್ನೆ ಕೂತಿದ್ದಾರೆ. ಅವರಿಗೂ ಹಕ್ಕಿದೆ.

ಒಬ್ಬರಿಗೇ ಎರಡು ಮೂರು ತೊಂದರೆ ಇರಬಹುದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಕಾಲಿನ ಜೊತೆಗೆ ಕಿವಿಯದ್ದೋ ಬುದ್ಧಿಬೆಳವಣಿಗೆಯದ್ದೋ ತೊಂದರೆ ಇದ್ದರೆ ಅರ್ಜಿಯಲ್ಲಿ ಎಲ್ಲವನ್ನೂ ಬರೆಯಿರಿ. ಬರೆಯದೇ ಇದ್ದದ್ದನ್ನು ಯಾರೂ ತಾವಾಗಿ ಹುಡುಕುವುದಿಲ್ಲ.

ಹೆಜ್ಜೆ 2: ನಿಮ್ಮನ್ನು ಯಾರು ನೋಡಬೇಕು ಎಂದು ತಿಳಿದುಕೊಳ್ಳಿ

ಮುಕ್ಕಾಲು ಪಾಲು ತೊಂದರೆ ಶುರುವಾಗುವುದು ಇಲ್ಲೇ.

ಕಾಯ್ದೆಯ ಕಲಂ 57 ಹೇಳುವುದು ಇಷ್ಟು: ಸರ್ಟಿಫಿಕೇಟ್ ಕೊಡುವವರಿಗೆ ತಕ್ಕ ವಿದ್ಯಾರ್ಹತೆ ಮತ್ತು ಅನುಭವ ಇರಬೇಕು, ಅಂಥವರನ್ನೇ ಸರ್ಕಾರ ನೇಮಿಸಬೇಕು. ಯಾವ ತೊಂದರೆಗೆ ಯಾವ ತಜ್ಞರು ಎಂಬ ವಿವರ ಮಾರ್ಗಸೂಚಿಯಲ್ಲಿದೆ. ಕೇಂದ್ರ ಸರ್ಕಾರ 2018ರ ಜನವರಿ 4ರಂದು ಈ ಮಾರ್ಗಸೂಚಿ ಹೊರಡಿಸಿತು. 2024ರ ಮಾರ್ಚ್‌ನಲ್ಲಿ ಅದನ್ನು ಪರಿಷ್ಕರಿಸಿತು.

ಬೋರ್ಡ್‌ನ ಮುಖ್ಯಸ್ಥರು ಸಾಮಾನ್ಯವಾಗಿ ಜಿಲ್ಲಾ ಶಸ್ತ್ರಚಿಕಿತ್ಸಕರು ಅಥವಾ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರು. ಅವರದ್ದು ಆಡಳಿತದ ಸಹಿ. ನಿಮಗೆ ಮುಖ್ಯವಾಗಿ ಬೇಕಾದವರು ಅವರ ಪಕ್ಕದ ತಜ್ಞರು. ಕೈಕಾಲಿನ ತೊಂದರೆಗೆ ಮೂಳೆ ತಜ್ಞರು ಅಥವಾ ಪುನರ್ವಸತಿ ವೈದ್ಯಶಾಸ್ತ್ರ ಓದಿದವರು. ಕಣ್ಣಿಗೆ ನೇತ್ರ ತಜ್ಞರು. ಕಿವಿಗೆ ಇಎನ್‌ಟಿ ತಜ್ಞರು, ಜೊತೆಗೆ ಕೇಳುವ ಶಕ್ತಿ ಅಳೆಯುವ ಆಡಿಯಾಲಜಿಸ್ಟ್. ಮಾನಸಿಕ ಕಾಯಿಲೆಗೆ ಮನೋವೈದ್ಯರು. ಬುದ್ಧಿಬೆಳವಣಿಗೆ, ಆಟಿಸಂ, ಕಲಿಕಾ ನ್ಯೂನತೆಗೆ ವೈದ್ಯರ ಜೊತೆ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಬೇಕು.

ಈ ತಜ್ಞರು ಏನು ಓದಿರುತ್ತಾರೆ? ಎಂಬಿಬಿಎಸ್ ನಾಲ್ಕೂವರೆ ವರ್ಷ, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ಎಂಡಿ ಅಥವಾ ಎಂಎಸ್ ಮೂರು ವರ್ಷ. ಕ್ಲಿನಿಕಲ್ ಸೈಕಾಲಜಿಸ್ಟ್ (ಮೇಲೆ ಹೇಳಿದ ಮನಶ್ಶಾಸ್ತ್ರಜ್ಞರು) ಮತ್ತು ಆಡಿಯಾಲಜಿಸ್ಟ್ ವೈದ್ಯರಲ್ಲ, ಅವರ ಓದಿನ ದಾರಿ ಬೇರೆ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಆ ಪರಿಷತ್ತು 1992ರ ಕಾಯ್ದೆಯಡಿ ಬಂದದ್ದು, ನೋಂದಣಿ ಆದವರ ಪಟ್ಟಿ ಅದರ ಬಳಿ ಇದೆ. ವೈದ್ಯರ ನೋಂದಣಿ ನಮ್ಮಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಆಗುತ್ತದೆ. ಯಾರದಾದರೂ ವರದಿ ಮೇಲೆ ಅನುಮಾನ ಬಂದರೆ ಮೊದಲು ಸಹಿಯ ಕೆಳಗಿನ ನೋಂದಣಿ ಸಂಖ್ಯೆ ನೋಡಿ.

ನಮ್ಮ ರಾಜ್ಯದ ಭಾಗ್ಯ ಅಂದರೆ ಈ ಕ್ಷೇತ್ರದ ಎರಡು ದೊಡ್ಡ ಸಂಸ್ಥೆಗಳು ಇಲ್ಲೇ ಇವೆ. ಬೆಂಗಳೂರಿನ ನಿಮ್ಹಾನ್ಸ್ ಒಂದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇನ್ನೊಂದು. ದೇಶದ ಎಷ್ಟೋ ಆಡಿಯಾಲಜಿಸ್ಟ್‌ಗಳು ಕಲಿತದ್ದು ಮೈಸೂರಿನಲ್ಲೇ. ಮಾತು ಮತ್ತು ಕಿವಿಯ ವಿಷಯದಲ್ಲಿ ಜಿಲ್ಲೆಯಲ್ಲಿ ಸರಿಯಾದ ಯಂತ್ರವೋ ಜನವೋ ಇಲ್ಲದಿದ್ದರೆ ಅಲ್ಲಿಗೆ ಹೋಗಿ ಬಂದ ವರದಿಗೆ ತೂಕ ಜಾಸ್ತಿ.

ಈಗ ಕಹಿ ಮಾತು. ರೋಗ ಗುರುತಿಸುವುದನ್ನು ಡಾಕ್ಟರ್ ವರ್ಷಗಟ್ಟಲೆ ಕಲಿಯುತ್ತಾರೆ. ಪರ್ಸೆಂಟೇಜ್ ಹಾಕುವುದಕ್ಕೆ ಅಂತಲೇ ಯಾವ ಪದವಿಯೂ ಇಲ್ಲ. ವಿಕಲಚೇತನರ ಹಕ್ಕುಗಳ ಬಗ್ಗೆ ವೈದ್ಯರಿಗೆ, ನರ್ಸ್‌ಗಳಿಗೆ ಕಲಿಸಬೇಕು ಎಂದು ಕಾಯ್ದೆಯ ಕಲಂ 47 ಹೇಳುತ್ತದೆ. 2019ರ ಎಂಬಿಬಿಎಸ್ ಪಠ್ಯಕ್ರಮದ ಆರಂಭದ ತರಗತಿಗಳಲ್ಲಿ ಈ ವಿಷಯ ಸೇರಿತು. 2024ರ ಆಗಸ್ಟ್‌ನಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಅದು ಬಿಟ್ಟುಹೋಗಿತ್ತು. ವಿಕಲಚೇತನ ವೈದ್ಯರು ಮತ್ತು ಹೋರಾಟಗಾರರು ದೊಡ್ಡ ದನಿ ಎತ್ತಿದರು. ಆ ಪಠ್ಯಕ್ರಮವನ್ನು ಸೆಪ್ಟೆಂಬರ್‌ನಲ್ಲಿ ವಾಪಸ್ ಪಡೆದರು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಎದುರು ಕೂತ ಡಾಕ್ಟರ್ ತಮ್ಮ ಶಾಸ್ತ್ರದಲ್ಲಿ ಎಷ್ಟೇ ಜಾಣರಿದ್ದರೂ ಈ ಕೋಷ್ಟಕದ ಅಭ್ಯಾಸ ಕಡಿಮೆ ಇರಬಹುದು. ಗೌರವ ಬಿಡದೆ ನೆನಪಿಸುವ ಕೆಲಸ ನಮ್ಮ ಮೇಲೂ ಇದೆ.

ಹಾಗಾದರೆ ಮಾಡಬೇಕಾದ್ದೇನು? ಆಸ್ಪತ್ರೆಗೆ ಮೊದಲೇ ಹೋಗಿ ಅಥವಾ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಬೋರ್ಡ್ ದಿನ ನಮ್ಮ ತೊಂದರೆಯ ತಜ್ಞರು ಇರುತ್ತಾರಾ?" ಮನೋವೈದ್ಯರು ಬರುವುದು ಗುರುವಾರ ಅಂದರೆ ಗುರುವಾರವೇ ಹೋಗಿ. ತಾಲ್ಲೂಕಿನಲ್ಲಿ ಕ್ಯಾಂಪ್ ಇದೆ ಎಂದು ಓಡುವ ಮೊದಲೂ ಇದನ್ನೇ ಕೇಳಿ. ಕ್ಯಾಂಪ್‌ನಲ್ಲಿ ಮೂಳೆ ತಜ್ಞರು ಮಾತ್ರ ಇದ್ದು, ನಿಮ್ಮದು ಮಾನಸಿಕ ಕಾಯಿಲೆ ಆಗಿದ್ದರೆ ಆ ದಿನ ಪರೀಕ್ಷೆ ಮಾಡಿಸಬೇಡಿ, ಬೇರೆ ದಿನಕ್ಕೆ ಬರೆಸಿಕೊಳ್ಳಿ. ಒಮ್ಮೆ ಕಡಿಮೆ ಪರ್ಸೆಂಟ್ ಬಿದ್ದರೆ ಅದನ್ನು ತಿದ್ದಿಸಲು ಆಗುವ ಅಲೆದಾಟ ಒಂದು ತಿಂಗಳು ಕಾಯುವುದಕ್ಕಿಂತ ಬಹಳ ದೊಡ್ಡದು. ನಾವು ಆ ಅಲೆದಾಟ ಮಾಡಿದವರು.

ಹೆಜ್ಜೆ 3: ಯಾವ ಅಳತೆಗೋಲು ಎಂದು ತಿಳಿದುಕೊಳ್ಳಿ

ಇದನ್ನು ತಿಳಿದುಕೊಂಡರೆ ಏನನ್ನು ತೋರಿಸಬೇಕು, ಏನನ್ನು ಹೇಳಬೇಕು ಎಂಬುದು ತಾನಾಗೇ ಗೊತ್ತಾಗುತ್ತದೆ.

ಕೈಯಿಂದ ಶುರು ಮಾಡೋಣ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿನ ಬಲ 0ಯಿಂದ 5ರ ಅಳತೆಯಲ್ಲಿ ಎಷ್ಟಿದೆ ಎಂದು ನೋಡುತ್ತಾರೆ. ಅದರ ಜೊತೆಗೆ 10 ದಿನನಿತ್ಯದ ಕೆಲಸ ಇವೆ, ಒಂದೊಂದಕ್ಕೂ 9 ಪರ್ಸೆಂಟ್. ತಲೆಗಿಂತ ಮೇಲಿನ ವಸ್ತು ಎತ್ತುವುದು, ಕೈಯಲ್ಲಿ ಕಲಸಿ ಊಟ ಮಾಡುವುದು, ತಲೆ ಬಾಚಿ ಜಡೆ ಹೆಣೆಯುವುದು, ಅಂಗಿ ಹಾಕುವುದು, ಗುಂಡಿ ಹಾಕುವುದು, ಲೋಟ ಹಿಡಿದು ನೀರು ಕುಡಿಯುವುದು, ಪಂಚೆ ಅಥವಾ ಲಾಡಿ ಕಟ್ಟುವುದು, ಬರೆಯುವುದು ಹೀಗೆ. ನಮ್ಮ ನೆಲದ ಬದುಕನ್ನು ನೋಡಿ ಮಾಡಿದ ಪಟ್ಟಿ ಇದು. ಆದ್ದರಿಂದ ಗುಂಡಿ ಇರುವ ಅಂಗಿ ಹಾಕಿಕೊಂಡು ಹೋಗಿ. "ಗುಂಡಿ ಹಾಕೋಕೆ ಆಗುತ್ತಾ" ಎಂದು ಕೇಳಿದರೆ ಬಾಯಲ್ಲಿ ಹೇಳಬೇಡಿ, ಮಾಡಿ ತೋರಿಸಿ. ಹೆಚ್ಚು ಬಳಸುವ ಕೈಗೇ ತೊಂದರೆ ಇದ್ದರೆ 4 ಪರ್ಸೆಂಟ್ ಹೆಚ್ಚುವರಿ ಇದೆ. ಎಡಚರು ಇದನ್ನು ಹೇಳಲೇಬೇಕು. ಯಾಕೆಂದರೆ ಎಲ್ಲರೂ ಬಲಗೈ ಎಂದೇ ಅಂದುಕೊಳ್ಳುತ್ತಾರೆ.

ಕಾಲಿಗೆ ಬಂದರೆ ಸಮ ನೆಲದಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಡಾಕ್ಟರ್ ಕುರ್ಚಿಯಿಂದ ಬಾಗಿಲವರೆಗೆ ಮಾತ್ರ ನಡೆಸಿ ನೋಡಿದರೆ, "ಸರ್, ಮೆಟ್ಟಿಲು ಹತ್ತಿ ತೋರಿಸಲಾ?" ಎಂದು ನೀವೇ ಕೇಳಿ.

ಲಕ್ವ ಹೊಡೆದವರ ಮನೆಯವರಿಗೆ ಒಂದು ಮಾತು. ನರದ ಕಾಯಿಲೆಗಳಲ್ಲಿ ಪರೀಕ್ಷೆ ಮಾಡುವುದು ಕಾಯಿಲೆ ಶುರುವಾಗಿ 6 ತಿಂಗಳು ಕಳೆದ ಮೇಲೆ. ಎರಡನೇ ತಿಂಗಳಲ್ಲಿ ಹೋದರೆ ವಾಪಸ್ ಕಳಿಸುತ್ತಾರೆ. ಅದರಲ್ಲಿ ಡಾಕ್ಟರದ್ದು ತಪ್ಪಿಲ್ಲ. ಅಳೆಯುವುದು ಕಾಯಿಲೆಯನ್ನಲ್ಲ, ಅದು ಬಿಟ್ಟುಹೋದ ತೊಂದರೆಯನ್ನು. ಅದಕ್ಕೇ ಸ್ಕ್ಯಾನ್ ವರದಿ ದಪ್ಪ ಇದ್ದರೂ ಕೈಕಾಲು ಆಡುತ್ತಿದ್ದರೆ ಪರ್ಸೆಂಟ್ ಕಡಿಮೆ ಬರುತ್ತದೆ.

ಕಣ್ಣು ಮತ್ತು ಕಿವಿಯಲ್ಲಿ ಜನ ಗೊಂದಲ ಮಾಡಿಕೊಳ್ಳುವ ಒಂದು ವಿಷಯ ಇದೆ. ಕಣ್ಣನ್ನು ಅಳೆಯುವುದು ಕನ್ನಡಕ ಹಾಕಿ, ಸಾಧ್ಯವಾದಷ್ಟು ಸರಿಪಡಿಸಿದ ಮೇಲೆ. ಕಿವಿಯನ್ನು ಅಳೆಯುವುದು ಶ್ರವಣ ಯಂತ್ರ ತೆಗೆದು. ಹಾಗಾಗಿ ಕನ್ನಡಕ ಮರೆತು ಹೋಗಬೇಡಿ. ಕಾನೂನಿನ ಪ್ರಕಾರ ಚೆನ್ನಾಗಿರುವ ಕಣ್ಣಿನಲ್ಲೂ ದೃಷ್ಟಿ 3/60ಕ್ಕಿಂತ ಕಡಿಮೆ ಇದ್ದರೆ ಅಥವಾ ನೋಟದ ಹರವು 10 ಡಿಗ್ರಿಗಿಂತ ಕಡಿಮೆ ಇದ್ದರೆ ಅಂಧತ್ವ. ರೆಟಿನೈಟಿಸ್ ಪಿಗ್ಮೆಂಟೋಸ, ಗ್ಲುಕೋಮ ಇರುವವರಿಗೆ ನೇರ ನೋಟ ಚೆನ್ನಾಗಿರಬಹುದು, ಆದರೆ ಅಕ್ಕಪಕ್ಕ ಏನೂ ಕಾಣುವುದಿಲ್ಲ. ಅಂಥವರು ಗೋಡೆಯ ಅಕ್ಷರ ಓದಿಬಿಟ್ಟರೆ ಪರೀಕ್ಷೆ ಮುಗಿಯಿತು ಎಂದುಕೊಳ್ಳಬಾರದು. ನೋಟದ ಹರವಿನ ಪರೀಕ್ಷೆ ಮಾಡಿಸಲೇಬೇಕು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಕೋಷ್ಟಕದಲ್ಲಿ ಇರುವುದು 30 ಪರ್ಸೆಂಟ್. ಅದಕ್ಕೆ ಡಾಕ್ಟರ್ ಜೊತೆ ಜಗಳ ಆಡಿ ಪ್ರಯೋಜನ ಇಲ್ಲ, ಅದು ಅವರ ಕೈಯಲ್ಲಿಲ್ಲ.

ಕಿವಿಗೆ 500, 1000, 2000, 4000 ಹರ್ಟ್ಸ್‌ನಲ್ಲಿ ಶಬ್ದ ಕೊಟ್ಟು ಆಡಿಯೋಗ್ರಾಂ ತೆಗೆಯುತ್ತಾರೆ. ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟ ಇದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ಗದ್ದಲದ ಕೋಣೆಯಲ್ಲಿ ತೆಗೆದ ಆಡಿಯೋಗ್ರಾಂ ನಂಬಬೇಡಿ. ಶಬ್ದ ಬಾರದ ಕೋಣೆ ಇದೆಯಾ ಎಂದು ಕೇಳಿ.

ಮಾನಸಿಕ ಕಾಯಿಲೆಗೆ ಬಳಸುವುದು ಐಡಿಯಾಸ್ ಎಂಬ ಅಳತೆಗೋಲು. ಭಾರತೀಯ ಮನೋವೈದ್ಯಕೀಯ ಸಂಘದ ಪುನರ್ವಸತಿ ಸಮಿತಿ ಇದನ್ನು ಮಾಡಿದ್ದು. ನಾಲ್ಕು ವಿಷಯ ನೋಡುತ್ತದೆ: ತನ್ನನ್ನು ತಾನು ನೋಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತು ಮತ್ತು ಅರ್ಥ ಮಾಡಿಕೊಳ್ಳುವುದು, ಕೆಲಸ. ಒಂದೊಂದಕ್ಕೂ 0ಯಿಂದ 4 ಅಂಕ. ಕಾಯಿಲೆ ಎಷ್ಟು ಕಾಲದ್ದು ಎಂಬುದಕ್ಕೆ ಬೇರೆ ಅಂಕ ಸೇರಿ ಒಟ್ಟು 20. ಅಕ್ಕನ ಮೊದಲ ಪರೀಕ್ಷೆಯಲ್ಲಿ ಈ ನಾಲ್ಕರಲ್ಲಿ ಒಂದನ್ನೂ ಕೇಳಿರಲಿಲ್ಲ. ಅವಳು ಸ್ನಾನಕ್ಕೆ ಹೋಗಬೇಕಾದರೆ ಅಮ್ಮ ಮೂರು ಸಲ ಕೂಗಬೇಕು. ನೆಂಟರು ಬಂದರೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಬಿ.ಕಾಂ ಮುಗಿಸಿದವಳು ಎಂಟು ವರ್ಷದಿಂದ ಒಂದು ಕೆಲಸದಲ್ಲೂ ನಿಂತಿಲ್ಲ. ಇದು ಹೆಸರು, ಊರು ಕೇಳಿದರೆ ತಿಳಿಯುವ ವಿಷಯ ಅಲ್ಲವೇ ಅಲ್ಲ. ಮನೆಯವರನ್ನು ಕೂರಿಸಿಕೊಂಡು ಕೇಳಿದರೆ ಮಾತ್ರ ತಿಳಿಯುತ್ತದೆ.

ಮಕ್ಕಳ ವಿಷಯದಲ್ಲೂ ಅಷ್ಟೇ. ಆಟಿಸಂಗೆ ಇಸಾ ಎಂಬ 40 ಅಂಶಗಳ ಅಳತೆಗೋಲಿದೆ. ಮಗುವನ್ನು ಗಮನಿಸಬೇಕು, ಅಪ್ಪ ಅಮ್ಮನನ್ನು ಕೇಳಬೇಕು. ಎರಡೂ ಆಗದೆ ಅಂಕ ಹಾಕಲು ಬರುವುದಿಲ್ಲ. ಬುದ್ಧಿಬೆಳವಣಿಗೆಗೆ ಐಕ್ಯೂ ಜೊತೆ ಮಗು ಉಣ್ಣುವುದು, ಬಟ್ಟೆ ಹಾಕುವುದು, ಅಂಗಡಿಗೆ ಹೋಗಿ ಬರುವುದು ಇಂಥವನ್ನು ವೈನ್‌ಲ್ಯಾಂಡ್ ಅಳತೆಯಲ್ಲಿ ನೋಡುತ್ತಾರೆ. ಕಲಿಕಾ ನ್ಯೂನತೆಗೆ 2018ರ ಮಾರ್ಗಸೂಚಿ ಆರಿಸಿಕೊಂಡದ್ದು ನಮ್ಮ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನು. ಯಾವ ಪರೀಕ್ಷೆಯೇ ಆಗಲಿ, ಮಗುವಿಗೆ ಬರುವ ಭಾಷೆಯಲ್ಲಿ ನಡೆಯಬೇಕು. ಬಿನೆ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು 1930ರ ದಶಕದಲ್ಲೇ. ಅಷ್ಟು ಹಿಂದೆಯೇ ನಮ್ಮವರು ಈ ಬಗ್ಗೆ ಯೋಚಿಸಿದ್ದಾರೆ. ಕನ್ನಡ ಶಾಲೆಯ ಮಗುವನ್ನು ಇಂಗ್ಲಿಷ್ ಪದ ಓದಿಸಿ ಅಳೆದರೆ ಆ ಅಂಕಕ್ಕೆ ಅರ್ಥ ಇಲ್ಲ. ಧೈರ್ಯವಾಗಿ ಕೇಳಿ.

ಎರಡು ತೊಂದರೆ ಇರುವವರಿಗೆ ಒಂದು ಲೆಕ್ಕ. ಒಂದಕ್ಕೆ 40, ಇನ್ನೊಂದಕ್ಕೆ 30 ಬಂದರೆ ಒಟ್ಟು 70 ಅಲ್ಲ. 90ರಿಂದ ದೊಡ್ಡ ಅಂಕ ಕಳೆಯಬೇಕು, ಉಳಿದ 50ನ್ನು ಚಿಕ್ಕ ಅಂಕ 30ರಿಂದ ಗುಣಿಸಿ 90ರಿಂದ ಭಾಗಿಸಬೇಕು. ಸುಮಾರು 17 ಬರುತ್ತದೆ. ಅದನ್ನು 40ಕ್ಕೆ ಕೂಡಿದರೆ 57. ಮೋಸ ಆಯಿತು ಎಂದು ಎಷ್ಟೋ ಜನ ನೊಂದುಕೊಳ್ಳುತ್ತಾರೆ. ಮೋಸ ಅಲ್ಲ, ಸೂತ್ರವೇ ಹಾಗಿದೆ.

ಹೆಜ್ಜೆ 4: ಕಾಗದ ಜೋಡಿಸಿ, ಒಂದು ಡೈರಿ ಬರೆಯಿರಿ

ಚಿಕಿತ್ಸೆಯ ಚೀಟಿಗಳು, ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್, ಮಾತ್ರೆಗಳ ಪಟ್ಟಿ ಎಲ್ಲವನ್ನೂ ತಾರೀಖಿನ ಪ್ರಕಾರ ಇಡಿ. ಹಳೆಯದು ಕೆಳಗೆ, ಹೊಸದು ಮೇಲೆ. ಡಾಕ್ಟರ್‌ಗೆ ಮೇಲಿನ ನಾಲ್ಕೈದು ಹಾಳೆ ನೋಡುವಷ್ಟೇ ಸಮಯ ಇರುತ್ತದೆ.

ಚಿಕಿತ್ಸೆ ಕೊಡುವ ಡಾಕ್ಟರ್ ಹತ್ತಿರ ಒಂದು ಪತ್ರ ಕೇಳಿ. "ಇವರಿಗೆ ಇಂಥ ಕಾಯಿಲೆ ಇದೆ" ಎಂದಷ್ಟೇ ಇದ್ದರೆ ಸಾಲದು. ಎಷ್ಟು ವರ್ಷದಿಂದ, ಏನೇನು ಮಾಡಲು ಆಗುವುದಿಲ್ಲ, ವಾಸಿಯಾಗುವ ಸಾಧ್ಯತೆ ಇದೆಯೇ ಇಲ್ಲವೇ ಎಂಬ ಮೂರು ಸಾಲು ಇರಲಿ.

ಕಣ್ಣಿಗೆ ಕಾಣದ ತೊಂದರೆ ಇರುವವರಿಗೆ ಡೈರಿ ಬಹಳ ಮುಖ್ಯ. ಎರಡು ವಾರ ಬರೆದರೆ ಸಾಕು. ನಾನು ಅಕ್ಕನದ್ದು ಬರೆದದ್ದು ಹೀಗೆ: "ಸೋಮವಾರ. ಬೆಳಗ್ಗೆ 11ಕ್ಕೆ ಎದ್ದಳು. ಹಲ್ಲು ಉಜ್ಜಲಿಲ್ಲ. ಊಟಕ್ಕೆ ಎರಡು ಸಲ ಕರೆದ ಮೇಲೆ ಬಂದಳು. ಪಕ್ಕದ ಮನೆಯವರು ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಅತ್ತಳು. ಮಾತ್ರೆ ಅಮ್ಮ ಬಾಯಿಗೆ ಹಾಕಿದರು." ಅಲಂಕಾರ ಬೇಡ, ಇದ್ದದ್ದು ಇದ್ದ ಹಾಗೆ. ಚೆನ್ನಾಗಿದ್ದ ದಿನವನ್ನೂ ಬರೆಯಿರಿ. ಹಿಮೋಫಿಲಿಯಾ, ಸಿಕಲ್ ಸೆಲ್ ಇರುವವರು ರಕ್ತಸ್ರಾವ, ನೋವು, ಆಸ್ಪತ್ರೆ ಸೇರಿದ್ದು, ರಕ್ತ ಹಾಕಿಸಿಕೊಂಡದ್ದು, ಶಾಲೆ ತಪ್ಪಿದ್ದು ಬರೆದಿಡಿ.

ಇಲ್ಲದ್ದನ್ನು ಸೇರಿಸಬೇಡಿ. ಮೋಸದಿಂದ ಸೌಲಭ್ಯ ಪಡೆದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ ಎಂದು ಕಲಂ 91 ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಬ್ಬರು ನಟಿಸಿದರೆ ಮುಂದಿನ ಹತ್ತು ಜನರನ್ನು ಡಾಕ್ಟರ್ ಅನುಮಾನದಿಂದ ನೋಡುತ್ತಾರೆ. ಅದರ ಬಿಸಿ ನಮ್ಮ ಅಕ್ಕನಂಥವರಿಗೆ ತಟ್ಟುತ್ತದೆ.

ಹೆಜ್ಜೆ 5: ಅರ್ಜಿ

2021ರ ಜೂನ್ 1ರಿಂದ ಸರ್ಟಿಫಿಕೇಟ್ ಆನ್‌ಲೈನ್‌ನಲ್ಲೇ ಆಗಬೇಕು. ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ ಯುಡಿಐಡಿಗೆ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡ್‌ಗೆ, ಅರ್ಜಿ ಹಾಕಿ. ಆಧಾರ್, ಇತ್ತೀಚಿನ ಫೋಟೋ, ವಿಳಾಸದ ದಾಖಲೆ ಬೇಕು. ಶುಲ್ಕ ಇಲ್ಲ, ದಲ್ಲಾಳಿಗೆ ದುಡ್ಡು ಕೊಡಬೇಡಿ. ಬರದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅವರೂ ವಿಕಲಚೇತನರೇ ಆಗಿರುತ್ತಾರೆ, ಈ ದಾರಿಯಲ್ಲಿ ಓಡಾಡಿದವರು. ಅರ್ಜಿಯ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕಾಯ್ದೆಯ ನಿಯಮಗಳಿಗೆ ಬಂದ 2024ರ ತಿದ್ದುಪಡಿಯ ಪ್ರಕಾರ 3 ತಿಂಗಳೊಳಗೆ ತೀರ್ಮಾನ ಆಗಬೇಕು.

ಹೆಜ್ಜೆ 6: ಆ ದಿನ

ಮದುವೆಗೆ ಹೋಗುವ ಹಾಗೆ ಸಿಂಗರಿಸಬೇಡಿ. ದಿನಾ ಇರುವ ಹಾಗೆ ಹೋಗಿ. ಊರುಗೋಲು, ಕಾಲಿಗೆ ಕಟ್ಟುವ ಕ್ಯಾಲಿಪರ್ ಬಳಸುವವರಾದರೆ ತೆಗೆದುಕೊಂಡು ಹೋಗಿ. ಬೇಗ ಸುಸ್ತಾಗುವವರನ್ನು, ಮಕ್ಕಳನ್ನು ಮೊದಲು ಕರೆಯಿರಿ ಎಂದು ಸಿಬ್ಬಂದಿಯನ್ನು ಕೇಳಿಕೊಳ್ಳಿ. ಹೆಣ್ಣುಮಕ್ಕಳ ಪರೀಕ್ಷೆ ವೇಳೆ ಮನೆಯ ಹೆಂಗಸೊಬ್ಬರು ಒಳಗೆ ಇರಲಿ.

ನಮ್ಮಲ್ಲಿ ಒಂದು ಅಭ್ಯಾಸ ಇದೆ. ದೊಡ್ಡವರು "ಹೇಗಿದ್ದೀರಿ" ಎಂದರೆ "ಚೆನ್ನಾಗಿದ್ದೀನಿ ಸರ್" ಅನ್ನುತ್ತೇವೆ. "ಅಡುಗೆ ಮಾಡ್ತೀರಾ" ಎಂದರೆ "ಹೂಂ" ಅನ್ನುತ್ತೇವೆ. ಬೋರ್ಡ್ ಮುಂದೆ ಹೀಗೆ ಹೇಳಬೇಡಿ. ಪೂರ್ತಿ ಹೇಳಿ: "ಅನ್ನ ಇಡ್ತೀನಿ. ಬಸಿಯೋಕೆ ಆಗಲ್ಲ. ಕೈ ನಡುಗಿ ಎರಡು ಸಲ ಸುಟ್ಟುಕೊಂಡಿದ್ದೀನಿ. ಈಗ ಮಗಳು ಮಾಡ್ತಾಳೆ." ಮಾಡುತ್ತೀರಾ ಎಂಬ ಪ್ರಶ್ನೆಯ ಹಿಂದೆ ಎಷ್ಟು ಹೊತ್ತಲ್ಲಿ, ಯಾರ ಸಹಾಯದಿಂದ, ಎಷ್ಟು ನೋವಿನ ಜೊತೆ ಎಂಬುದೂ ಸೇರಿದೆ.

ಎದುರಿಗೆ ತಜ್ಞರು ಇಲ್ಲ ಅನ್ನಿಸಿದರೆ ಹೀಗೆ ಕೇಳಬಹುದು: "ಸರ್, ಮಾರ್ಗಸೂಚಿಯಲ್ಲಿ ಮನೋವೈದ್ಯರು ನೋಡಬೇಕು ಅಂತ ಇದೆಯಂತೆ. ಅವರು ಇರುವ ದಿನ ಬರ್ತೀವಿ, ಬರೆದು ಕೊಡ್ತೀರಾ?" ಕೈಮುಗಿದು, ಮೆಲ್ಲಗೆ, ಆದರೆ ಬಿಡದೆ. ಹೀಗೆ ಕೇಳಿದಾಗ ಬೈದ ಡಾಕ್ಟರ್‌ಗಿಂತ "ಆಗಲಿ, ಗುರುವಾರ ಬನ್ನಿ" ಎಂದವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಎರಡನೇ ಸಲ ಅಕ್ಕನನ್ನು ನೋಡಿದ ಮನೋವೈದ್ಯೆ ಮುಕ್ಕಾಲು ಗಂಟೆ ಮಾತಾಡಿಸಿದರು. ಮೊದಲು ಅಕ್ಕನ ಜೊತೆ, ಆಮೇಲೆ ಅಮ್ಮನ ಜೊತೆ. ಡೈರಿಯ ಹಾಳೆ ತಿರುಗಿಸುತ್ತಾ ನಡುನಡುವೆ ಅಂಕ ಬರೆದುಕೊಂಡರು. "ಮನೆಯಲ್ಲಿ ಅವಳಿಗೆ ಏನು ಇಷ್ಟ?" ಎಂದೂ ಕೇಳಿದರು. ಅಮ್ಮ ಹೊರಗೆ ಬಂದು ಅತ್ತರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಬಂದದ್ದು 65.

ಹೆಜ್ಜೆ 7: ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಓದಿ

ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇರುವ ಹಾಗೇ ಇರಬೇಕು. ಪರ್ಸೆಂಟೇಜ್ ಅಂಕಿಯಲ್ಲೂ ಅಕ್ಷರದಲ್ಲೂ ಇರುತ್ತದೆ, ಎರಡೂ ಒಂದೇನಾ ನೋಡಿ. ಯಾವ ಮಾರ್ಗಸೂಚಿಯ ಪ್ರಕಾರ ಎಂದು ಸಂಖ್ಯೆ, ತಾರೀಖು ಬರೆಯಲು ಜಾಗ ಇದೆ. ಇನ್ನೊಂದು ಸಾಲು ಎಲ್ಲರೂ ಬಿಟ್ಟು ಓದುತ್ತಾರೆ: ಸ್ಥಿತಿ ಸುಧಾರಿಸುವ ಸಾಧ್ಯತೆ ಇದೆಯೇ, ಮರುಪರೀಕ್ಷೆ ಬೇಕೇ, ಎಷ್ಟು ವರ್ಷದ ನಂತರ. ಕಾಲು ಕಳೆದುಕೊಂಡವರಿಗೆ "5 ವರ್ಷದ ನಂತರ ಮರುಪರೀಕ್ಷೆ" ಎಂದು ಬರೆದಿದ್ದರೆ ಅಲ್ಲೇ ಕೇಳಿ. ಬದಲಾಗುವ ಸಾಧ್ಯತೆ ಇಲ್ಲದಿದ್ದರೆ ಕಾಯಂ ಸರ್ಟಿಫಿಕೇಟ್ ಕೊಡಬೇಕು ಎಂದು ನಿಯಮವೇ ಹೇಳುತ್ತದೆ.

ಯುಡಿಐಡಿ ಕಾರ್ಡ್‌ನ ಬಣ್ಣ ನೋಡಿದರೂ ಪರ್ಸೆಂಟ್ ತಿಳಿಯುತ್ತದೆ. 2024ರ ತಿದ್ದುಪಡಿಯಂತೆ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಸರ್ಟಿಫಿಕೇಟ್ ಇಡೀ ದೇಶಕ್ಕೆ ನಡೆಯುತ್ತದೆ. ಮುಂಬೈಯಲ್ಲೋ ಹೈದರಾಬಾದಿನಲ್ಲೋ ಇರುವ ಕನ್ನಡಿಗರು ಊರಿನಲ್ಲಿ ಮಾಡಿಸಿದ್ದನ್ನೇ ತೋರಿಸಬಹುದು.

ಯಾವ ಅಂಕಿಗೆ ಏನು ಸಿಗುತ್ತದೆ? ಹೆಚ್ಚಿನ ಸೌಲಭ್ಯಗಳ ಬಾಗಿಲು 40. ರಾಜ್ಯದ ಮಾಸಾಶನದಲ್ಲಿ 75 ಇನ್ನೊಂದು ಮೆಟ್ಟಿಲು. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಗೆ ಬಡತನ ರೇಖೆಯ ಕೆಳಗಿರಬೇಕು, 80 ಇರಬೇಕು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ 40ಕ್ಕೆ 75,000, 80ಕ್ಕೆ 1,25,000 ರೂಪಾಯಿ ಕಡಿತ ಇತ್ತು. ಒಂದೊಂದು ಅಂಕಿಯೂ ಒಂದೊಂದು ಮನೆಯ ಅಕ್ಕಿ ಬೇಳೆ. ಅದಕ್ಕೇ ಐದು ನಿಮಿಷದ ಪರೀಕ್ಷೆ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

40ಕ್ಕಿಂತ ಕಡಿಮೆ ಬಂದವರು ಪೂರ್ತಿ ಕೈಚೆಲ್ಲಬೇಡಿ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 40 ಇಲ್ಲ ಎಂಬುದು ಅಡ್ಡಿಯಲ್ಲ ಎಂದಿತು. ಮಾಸಾಶನ ಸಿಗದಿದ್ದರೂ ಶಾಲೆ, ಪರೀಕ್ಷೆ, ಕೆಲಸದಲ್ಲಿ ಅನುಕೂಲ ಕೇಳುವ ಹಕ್ಕು ಇದೆ.

ಹೆಜ್ಜೆ 8: ಕಡಿಮೆ ಬಂದರೆ, ತಿರಸ್ಕಾರ ಆದರೆ

ಬಾಯಿಮಾತಿನಲ್ಲಿ "ಆಗಲ್ಲ ಹೋಗಿ" ಎಂದರೆ ಒಪ್ಪಬೇಡಿ. ತಿರಸ್ಕಾರಕ್ಕೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಅದಕ್ಕೆ ನಮೂನೆ 8 ಎಂದೇ ಇದೆ. ಯಾರ ಬಳಿ ಮರುಪರಿಶೀಲನೆ ಕೇಳಬಹುದು ಎಂಬುದನ್ನೂ ಅದರಲ್ಲೇ ತುಂಬಿರಬೇಕು.

ಕಲಂ 59ರ ಪ್ರಕಾರ ಮೇಲ್ಮನವಿ ಹಾಕಬಹುದು. ಕಾಲಮಿತಿ ಇದೆ, ತಡ ಮಾಡಬೇಡಿ. ಕಾಗದ ಬಂದ ವಾರದಲ್ಲೇ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ, ಮೇಲ್ಮನವಿ ಯಾರಿಗೆ ಸಲ್ಲಬೇಕು ಎಂದು ಕೇಳಿಕೊಂಡು ಬರೆಯಿರಿ. ಅಲ್ಲೂ ಕೆಲಸ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.

ಮನವಿಯಲ್ಲಿ "ಬಡವರು, ದಯವಿಟ್ಟು ಜಾಸ್ತಿ ಹಾಕಿ" ಎಂದು ಬರೆದರೆ ಅದು ಕರುಣೆ ಕೇಳಿದ ಹಾಗೆ. ಅದರಿಂದ ಅಂಕ ಬದಲಾಗುವುದಿಲ್ಲ. ಪರೀಕ್ಷೆ ಎಲ್ಲಿ ತಪ್ಪಿತು ಎಂದು ಬರೆಯಿರಿ. ನಾನು ಬರೆದದ್ದು ನಾಲ್ಕೇ ಸಾಲು: "ನಮ್ಮ ಅಕ್ಕನಿಗೆ ಮಾನಸಿಕ ಕಾಯಿಲೆ ಇದೆ. ಪರೀಕ್ಷೆ ಮಾಡಿದವರು ಮನೋವೈದ್ಯರಲ್ಲ. ಐಡಿಯಾಸ್ ಅಳತೆಗೋಲು ಬಳಸಿಲ್ಲ, ಮನೆಯವರನ್ನು ಕೇಳಿಲ್ಲ. ಮನೋವೈದ್ಯರಿಂದ ಮರುಪರೀಕ್ಷೆ ಮಾಡಿಸಬೇಕಾಗಿ ಕೋರಿಕೆ." ಜೊತೆಗೆ ಚಿಕಿತ್ಸೆಯ ಪತ್ರದ ಪ್ರತಿ ಮತ್ತು ಡೈರಿಯ ಪ್ರತಿ. ಒಂದು ಪ್ರತಿಯ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಂಡೆ. ಯಾರನ್ನೂ ಬೈದಿರಲಿಲ್ಲ. ಏಳು ವಾರದ ನಂತರ ಮರುಪರೀಕ್ಷೆಗೆ ಕರೆ ಬಂತು.

ಅಕ್ಕನ ಸರ್ಟಿಫಿಕೇಟ್‌ನಲ್ಲಿ ಮರುಪರೀಕ್ಷೆಯ ವರ್ಷ ಬರೆದಿದೆ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಗುರುತು ಹಾಕಿಟ್ಟಿದ್ದೇವೆ. ಅವಧಿ ಮುಗಿದರೆ ಮಾಸಾಶನ ನಿಲ್ಲುತ್ತದೆ, ಆದ್ದರಿಂದ ನೀವೂ ಮೂರು ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿ. ಡೈರಿ ಈಗಲೂ ಬರೆಯುತ್ತಿದ್ದೇನೆ, ತಿಂಗಳಿಗೆ ಒಂದು ಪುಟ. ಚೀಟಿಗಳೆಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿವೆ, ಹೊಸದು ಮೇಲೆ.